ಕಾರಿನೊಳಗಿನ ನಂದಾದೀಪ

ಕಾರಿನ ಇತಿಹಾಸ ಬರೆಯೋರೆಲ್ಲ ಎಂಜಿನ್ ಬಗ್ಗೆ ಬರೀತಾರೆ, ಇಲ್ಲಾ ಹೆನ್ರಿ ಫೋರ್ಡ್ ಬಗ್ಗೆ ಬರೀತಾರೆ. ತಲೆಯ ಮೇಲೆ ಛಾವಣಿಗೆ ಅಂಟಿಕೊಂಡು ಕೂತಿರುವ ಆ ಪುಟ್ಟ ಲೈಟಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಂತೆ ಕಾಣೆ. ಬಾಗಿಲು ತೆಗೆದರೆ ಹತ್ತಬೇಕು, ಹಾಕಿದರೆ ಆರಬೇಕು, ಇಷ್ಟೇ ಅದರ ಕೆಲಸ. ಒಮ್ಮೊಮ್ಮೆ ಬಾಗಿಲು ಹಾಕಿದರೂ ಅದು ಆರುವುದಿಲ್ಲ. ಹಗಲಲ್ಲಿ ಕಣ್ಣಿಗೂ ಬೀಳುವುದಿಲ್ಲ. ರಾತ್ರಿಯೆಲ್ಲ ಉರಿದು, ಬೆಳಿಗ್ಗೆ ಕೀ ತಿರುಗಿಸಿದರೆ 'ಟಕ್' ಅಂತ ಒಂದೇ ಒಂದು ಸದ್ದು... ಮುಗೀತು, ಅವತ್ತಿನ ಪ್ರಯಾಣ ಅಲ್ಲಿಗೇ ಸಮಾಪ್ತಿ :-)

ಈ ಲೈಟು ಯಾಕೆ ಹೀಗೆ ಮಾಡುತ್ತೆ ಅನ್ನೋದಕ್ಕೆ ಮೆಕ್ಯಾನಿಕ್ ಕೊಡುವ ಉತ್ತರ ಒಂದು, ಇತಿಹಾಸ ಕೊಡುವ ಉತ್ತರ ಇನ್ನೊಂದು. ಎರಡನ್ನೂ ಸೇರಿಸಿ ಬರೆಯೋಣ ಅಂತ ಕೂತಿದ್ದೀನಿ.

ಮೊದಲು ನಮ್ಮೂರಿನ ಪರಿಚಯ. ಏಕಸಂಬಿ, ಚಿಕ್ಕೋಡಿ ತಾಲ್ಲೂಕು, ಬೆಳಗಾವಿ ಜಿಲ್ಲೆ. ದೂಧಗಂಗಾ ನದಿ ದಾಟಿದರೆ ಮಹಾರಾಷ್ಟ್ರ. 1956ರ ನವೆಂಬರ್ 1ರವರೆಗೆ ನಾವೂ ಮುಂಬೈ ರಾಜ್ಯದಲ್ಲೇ ಇದ್ದವರು. ಹಾಗಾಗಿ ಬೆಂಗಳೂರಿನವರಿಗೆ ವಿಚಿತ್ರ ಅನ್ನಿಸಬಹುದು, ನಮ್ಮ ಕಡೆ ಕಾರಿನ ಸಾಮಾನು ಬೇಕಂದ್ರೆ ಕೊಲ್ಲಾಪುರ, ದೊಡ್ಡ ಆಸ್ಪತ್ರೆ ಬೇಕಂದ್ರೆ ಮಿರಜ್. ಹಳೇ ಕಾರು ಕೊಂಡರೂ ಎಂಎಚ್ 09 ನಂಬರಿನದು ಕೊಂಡು ಕೆಎ 23 ಮಾಡಿಸಿಕೊಳ್ಳೋದು ಮಾಮೂಲು. ನಮ್ಮೂರಿಗೆ ಹಳೆಯ ಚರಿತ್ರೆಯೂ ಇದೆ. ಶಿಲಾಹಾರ ವಿಜಯಾದಿತ್ಯನ ದಂಡನಾಯಕ ಕಾಳಣ ಇಲ್ಲಿ ನೇಮಿನಾಥ ಬಸದಿ ಕಟ್ಟಿಸಿದ್ದನ್ನು 1165ರ ಶಾಸನ ಹೇಳುತ್ತದೆ. ಯಾಪನೀಯ ಸಂಘದ ಜೈನ ಮುನಿಗಳ ಹೆಸರು ಬರುವ ಮುಖ್ಯ ಶಾಸನಗಳಲ್ಲಿ ಅದೂ ಒಂದು.

ಕಾರಿನ ಲೈಟಿಗೂ ಶಾಸನಕ್ಕೂ ಏನಪ್ಪಾ ಸಂಬಂಧ ಅಂತೀರಾ? ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ನಂದಾದೀವಿಗೆ ಅನ್ನೋ ಮಾತು ಗೊತ್ತಿರುತ್ತೆ. ಆರದ ದೀಪ. ಅದನ್ನು ಉರಿಸಲು ಭೂಮಿ ಬಿಡುತ್ತಿದ್ದರು, ಗಾಣಕ್ಕೆ ಇಷ್ಟು ಎಣ್ಣೆ ಅಂತ ಊರಿನ ಎಣ್ಣೆಗಾರರಿಂದ ಕೊಡಿಸುತ್ತಿದ್ದರು, ತಪ್ಪಿದವರಿಗೆ ಶಾಪ ಬೇರೆ. ಅಂದರೆ ಒಂದು ದೀಪ ಸದಾ ಉರಿಯುತ್ತಿರಬೇಕಾದರೆ ಆಗ ದಂಡನಾಯಕರು, ವ್ಯಾಪಾರಿಗಳು, ಎಣ್ಣೆಗಾರರು ಎಲ್ಲ ಸೇರಬೇಕಿತ್ತು. ಈಗ ಒಂದು ತುಕ್ಕು ಹಿಡಿದ ಸ್ವಿಚ್ ಸಾಕು! ದೀಪ 'ಆರಿಸು' ಅನ್ನೋದೇ ನಮ್ಮ ಮನೆಯಲ್ಲಿ ಅಪಶಕುನದ ಮಾತು, 'ಶಾಂತ ಮಾಡು' ಅನ್ನಬೇಕು. ಕಾರಿನ ಲೈಟಿಗೆ ಮಾತ್ರ ಈ ಮರ್ಯಾದೆ ಸಿಕ್ಕಿಲ್ಲ.

ಸರಿ, ವಿಷಯಕ್ಕೆ ಬರ್ತೀನಿ.

ಮೊದಮೊದಲ ಕಾರುಗಳಲ್ಲಿ ಒಳಗಿನ ಲೈಟೇ ಇರಲಿಲ್ಲ, ಯಾಕಂದ್ರೆ 'ಒಳಗೆ' ಅನ್ನೋದೇ ಇರಲಿಲ್ಲ. ಅವು ಕುದುರೆ ಬಿಚ್ಚಿದ ಟಾಂಗಾಗಳು. ಮೇಲೆ ಬೇಕಾದರೆ ಒಂದು ಬಟ್ಟೆಯ ಹೊದಿಕೆ. ಮುಂದಿನ ದೀಪಗಳು ಕಾರ್ಬೈಡಿನವು. ಕ್ಯಾಲ್ಸಿಯಂ ಕಾರ್ಬೈಡ್ ಕಲ್ಲಿನ ಮೇಲೆ ತೊಟ್ಟು ತೊಟ್ಟು ನೀರು ಬಿದ್ದು, ಅಸಿಟಿಲೀನ್ ಗ್ಯಾಸ್ ಹುಟ್ಟಿ, ಅದಕ್ಕೆ ಕಡ್ಡಿ ಗೀರಿ ಹಚ್ಚಬೇಕು. ಇದೇ ಕಾರ್ಬೈಡ್ ಇಟ್ಟು ಮಾವಿನಕಾಯಿ ಹಣ್ಣು ಮಾಡುವುದನ್ನು ಸರ್ಕಾರ ನಿಷೇಧಿಸಿರುವುದು ನಿಮಗೆ ಗೊತ್ತೇ ಇದೆ. ಪಕ್ಕದ ಮತ್ತು ಹಿಂದಿನ ದೀಪಗಳು ಸೀಮೆಎಣ್ಣೆಯವು. ಎಂಜಿನ್ ಶುರು ಮಾಡಲು ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕು. ಹ್ಯಾಂಡಲ್ ತಿರುಗಿ ಹೊಡೆದರೆ ಕೈ ಮುರಿಯೋದು ಅಪರೂಪವಾಗಿರಲಿಲ್ಲ.

1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿ ಕರೆಂಟಿನಿಂದ ಸ್ಟಾರ್ಟ್ ಆಗುವ ಕಾರು ತಂತು. ಮಾಡಿದವನು ಚಾರ್ಲ್ಸ್ ಕೆಟರಿಂಗ್, ಅವನ ಕಂಪನಿ ಡೆಲ್ಕೊ. ಎಲ್ಲರೂ ಇದನ್ನು ಸೆಲ್ಫ್ ಸ್ಟಾರ್ಟರಿನ ಕಥೆ ಅಂತ ಹೇಳಿ ಮುಗಿಸುತ್ತಾರೆ. ನನಗೆ ಮುಖ್ಯ ಅನ್ನಿಸೋದು ಬೇರೆಯದು. ಸ್ಟಾರ್ಟರ್ ತಿರುಗಿಸಲು ದೊಡ್ಡ ಬ್ಯಾಟರಿ ಬೇಕು. ಬ್ಯಾಟರಿ ತುಂಬಲು ಎಂಜಿನ್ನಿನಿಂದ ತಿರುಗುವ ಜನರೇಟರ್ ಬೇಕು. ಇವೆರಡೂ ಬಂದ ಮೇಲೆ ಕಾರ್ಬೈಡ್ ಯಾಕೆ ಬೇಕು? ಸ್ಟಾರ್ಟರ್, ಲೈಟು, ಇಗ್ನಿಷನ್ ಮೂರೂ ಒಂದೇ ವ್ಯವಸ್ಥೆಯಾಗಿ ಬಂದವು. ಅಂದರೆ ಬ್ಯಾಟರಿ ಬಂದಿದ್ದು ಸ್ಟಾರ್ಟರಿಗೋಸ್ಕರ, ಲೈಟುಗಳು ಅದರ ಬೆನ್ನಿಗೆ ಬಂದ ನೆಂಟರು. ನೆಂಟರು ಹೆಚ್ಚಾದರೆ ಯಜಮಾನನಿಗೇ ಊಟ ಇಲ್ಲ ಅನ್ನುವ ಪರಿಸ್ಥಿತಿ ಅವತ್ತೇ ಶುರುವಾಯ್ತು.

ಛಾವಣಿಯ ಲೈಟು ಎಲ್ಲ ಕಾರಿಗೂ ಬೇಕೆನಿಸಲು ಗಟ್ಟಿ ಛಾವಣಿ ಬರಬೇಕಿತ್ತು. ಅಮೆರಿಕದಲ್ಲಿ 1919ರ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಕಾರುಗಳು ತೆರೆದವೇ. ಗಾಜು-ಬಾಗಿಲುಗಳ ಮುಚ್ಚಿದ ಕಾರು ಶ್ರೀಮಂತರದು. 1922ರಲ್ಲಿ ಹಡ್ಸನ್ ಕಂಪನಿ ಎಸೆಕ್ಸ್ ಅನ್ನುವ ಹೆಸರಿನಲ್ಲಿ ಅಗ್ಗದ ಮುಚ್ಚಿದ ಕಾರು ಮಾರಿತು, ಉಳಿದವರೂ ಹಿಂದೆ ಬಿದ್ದರು. ಆ ದಶಕ ಮುಗಿಯುವಷ್ಟರಲ್ಲಿ ಲೆಕ್ಕ ಪೂರ್ತಿ ತಿರುಗಿ, ಹತ್ತರಲ್ಲಿ ಒಂದು ಮಾತ್ರ ತೆರೆದ ಕಾರು ಉಳಿಯಿತು. ಮುಚ್ಚಿದ ಕಾರಿನೊಳಗೆ ರಾತ್ರಿ ಕತ್ತಲೆ, ಕತ್ತಲೆಗೆ ಲೈಟು. ಮೊದಲು ಕೈಯಿಂದ ಹಾಕುವ ಸ್ವಿಚ್, ಆಮೇಲೆ ಬಾಗಿಲ ಚೌಕಟ್ಟಿನಲ್ಲಿ ತಾನೇ ಕೆಲಸ ಮಾಡುವ ಸ್ವಿಚ್. ಬಾಗಿಲು ತೆಗೆದೊಡನೆ ತಾನಾಗಿ ಹತ್ತುವ ಈ ಲೈಟಿಗೆ ಇಂಗ್ಲಿಷಿನವರು ಇಟ್ಟ ಹೆಸರು ಕರ್ಟಸಿ ಲೈಟ್. ಕನ್ನಡದಲ್ಲಿ ಮರ್ಯಾದೆ ದೀಪ ಅನ್ನಬಹುದೇನೋ. ಬಾಗಿಲಲ್ಲಿ ನಿಂತು "ಬರ್ರಿ, ಬರ್ರಿ" ಅನ್ನುವ ದೀಪ.

ಈಗ ಆ ಬಾಗಿಲ ಸ್ವಿಚ್ಚಿಗೆ ಬರೋಣ. ನನ್ನ ಪ್ರಕಾರ ಕಾರಿನಲ್ಲಿರುವ ಅತ್ಯಂತ ಜಾಣ ಮತ್ತು ಅತ್ಯಂತ ಅಪಾಯಕಾರಿ ಭಾಗ ಇದೇ.

ಮನೆಯಲ್ಲಿ ಬಲ್ಬಿಗೆ ಎರಡು ವೈರು ಹೋಗುತ್ತವೆ. ಕಾರಿನಲ್ಲಿ ತಾಮ್ರ ಉಳಿಸಲು ಬಹಳ ಹಿಂದೆಯೇ ಒಂದು ಉಪಾಯ ಮಾಡಿದರು. ಬ್ಯಾಟರಿಯ ಒಂದು ತುದಿಯನ್ನು ಕಾರಿನ ಕಬ್ಬಿಣದ ಬಾಡಿಗೇ ಜೋಡಿಸಿಬಿಟ್ಟರು. ಇಡೀ ಬಾಡಿಯೇ ಒಂದು ವೈರು! ನಮ್ಮ ಕಡೆ ಮೆಕ್ಯಾನಿಕ್‌ಗಳು ಇದಕ್ಕೆ 'ಅರ್ಥ' ಅಂತಾರೆ. "ಅರ್ಥ ಬರಾಕತ್ತಿಲ್ಲರೀ" ಅಂತ ಅವರು ಹೇಳಿದರೆ ನೀವು ಸಾಹಿತ್ಯದ ಕಡೆ ಹೋಗಬಾರದು :-) ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಪ್ಲಸ್ ಜೋಡಿಸುತ್ತಿದ್ದರು, 1960ರ ದಶಕದಿಂದ ಮೈನಸ್ ಜೋಡಿಸುವುದೇ ರೂಢಿಯಾಯಿತು. ಬಲ್ಬಿಗೆ ಎರಡೂ ಒಂದೇ.

ಬಾಡಿಯೇ ವೈರಾದ ಮೇಲೆ ಬಾಗಿಲ ಸ್ವಿಚ್ಚಿಗೆ ಒಂದೇ ವೈರು ಸಾಕು. ಬ್ಯಾಟರಿಯಿಂದ ಬಲ್ಬಿಗೆ ಸದಾ ಕರೆಂಟು ಇದ್ದೇ ಇರುತ್ತೆ. ಬಲ್ಬಿನ ಇನ್ನೊಂದು ತುದಿಯಿಂದ ಒಂದು ವೈರು ಬಾಗಿಲ ಚೌಕಟ್ಟಿಗೆ ಇಳಿಯುತ್ತದೆ. ಅಲ್ಲಿ ಸ್ಪ್ರಿಂಗ್ ಇರುವ ಒಂದು ಗುಂಡಿ. ಬಾಗಿಲು ತೆಗೆದರೆ ಸ್ಪ್ರಿಂಗ್ ಗುಂಡಿಯನ್ನು ಹೊರಗೆ ತಳ್ಳಿ, ಒಳಗಿನ ಲೋಹ ಬಾಡಿಗೆ ತಾಗಿ, ಲೈಟು ಹತ್ತುತ್ತದೆ. ಬಾಗಿಲು ಹಾಕಿದರೆ ಗುಂಡಿ ಒತ್ತಿ, ಸಂಪರ್ಕ ತಪ್ಪಿ, ಲೈಟು ಆರುತ್ತದೆ. ನಾಲ್ಕು ಬಾಗಿಲಿಗೆ ನಾಲ್ಕು ಗುಂಡಿ, ಎಲ್ಲ ಸಮಾನಾಂತರವಾಗಿ. ಯಾವ ಬಾಗಿಲು ತೆರೆದರೂ ಲೈಟು. ಎಂಜಿನಿಯರಿಂಗ್ ಓದಿದವರಿಗೆ ತಕ್ಷಣ ಗೊತ್ತಾಗುತ್ತೆ, ಇದು ಒಂದು 'ಆರ್ ಗೇಟ್'. ಒಂದೂ ಟ್ರಾನ್ಸಿಸ್ಟರ್ ಇಲ್ಲದೆ, ನಾಲ್ಕು ಸ್ಪ್ರಿಂಗುಗಳಲ್ಲಿ ಮಾಡಿದ ಆರ್ ಗೇಟ್. ಆರ್ ಗೇಟ್ ಆದ್ದರಿಂದಲೇ ಲೈಟು ಆರದು ಅನ್ನೋದು ಬೇರೆ ಮಾತು!

ಇಲ್ಲಿ ಒಂದು ವಿಷಯ ಗಮನಿಸಿ. ಈ ಲೈಟಿನ ಸಹಜ ಸ್ಥಿತಿ 'ಹತ್ತಿರುವುದು'. ಆರಿಸಲು ಯಾರಾದರೂ ಗುಂಡಿಯನ್ನು ಒತ್ತಿ ಹಿಡಿದಿರಬೇಕು. ಆ ಕೆಲಸ ಬಾಗಿಲಿನದು. ಬಾಗಿಲು ಜೋತು ಬಿದ್ದು ಎರಡು ಮಿಲಿಮೀಟರ್ ಹಿಂದೆ ಸರಿದರೆ, ಗುಂಡಿಯ ರಬ್ಬರ್ ಟೊಪ್ಪಿಗೆ ಸವೆದರೆ, ಮಣ್ಣು ತುಂಬಿ ಗುಂಡಿ ಒಳಗೆ ಹೋಗದಿದ್ದರೆ, ಆ ಒಂಟಿ ವೈರು ಎಲ್ಲೋ ಕಂಬದೊಳಗೆ ಉಜ್ಜಿ ಸಿಪ್ಪೆ ಹೋಗಿ ಬಾಡಿಗೆ ತಾಗಿದರೆ, ಎಲ್ಲದಕ್ಕೂ ಫಲ ಒಂದೇ: ಲೈಟು ಆರುವುದಿಲ್ಲ. ಮತ್ತು ನಾಲ್ಕರಲ್ಲಿ ಒಂದು ಕೆಟ್ಟರೂ ಸಾಕು. ಮೂರು ಜನ ಸರಿಯಿದ್ದು ಒಬ್ಬ ಕೆಟ್ಟರೆ ಸಭೆ ಮುಗಿಯದ ಹಾಗೆ.

ಇಷ್ಟು ಸಣ್ಣ ಬಲ್ಬು ಎಷ್ಟು ತಿನ್ನುತ್ತೆ? ಹಳೆಯ ಕಾರುಗಳಲ್ಲಿ ಎರಡೂ ತುದಿಗೆ ಲೋಹದ ಟೊಪ್ಪಿಗೆ ಇರುವ ಗಾಜಿನ ಕೊಳವೆಯಂಥ ಬಲ್ಬು ಇರುತ್ತಿತ್ತಲ್ಲ, 10 ವಾಟಿನದು ಅಂತ ಇಟ್ಟುಕೊಳ್ಳಿ. 12 ವೋಲ್ಟಿಗೆ ಸುಮಾರು 0.83 ಆಂಪಿಯರ್. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್. ಭಾಗಿಸಿದರೆ 42 ಗಂಟೆ. ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ? ಆದರೆ ಸ್ಟಾರ್ಟರಿಗೆ ಒಂದೇ ಏಟಿಗೆ ನೂರು ಆಂಪಿಯರಿಗಿಂತ ಹೆಚ್ಚು ಬೇಕು, ಅರ್ಧ ಖಾಲಿಯಾದ ಬ್ಯಾಟರಿ ಅಲ್ಲೇ ಏದುಸಿರು ಬಿಡುತ್ತೆ. ಮೂರು ವರ್ಷ ಹಳೆಯ ಬ್ಯಾಟರಿ ಮೊದಲೇ ಅರ್ಧ ಶಕ್ತಿ ಕಳೆದುಕೊಂಡಿರುತ್ತೆ. ಹಾಗಾಗಿ ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ, ಹತ್ತು ಆಂಪಿಯರ್-ಅವರ್ ಹೋದರೆ ಸಾಕು, ಚಳಿಗಾಲದ ಬೆಳಿಗ್ಗೆ 'ಟಕ್'.

ನಮ್ಮ ದೇಶದ ಕಥೆಗೆ ಬಂದರೆ ಇಲ್ಲೊಂದು ತಿರುವು ಇದೆ. ಬಿರ್ಲಾರ ಹಿಂದೂಸ್ತಾನ್ ಮೋಟಾರ್ಸ್ 1942ರಲ್ಲಿ ಹುಟ್ಟಿತು, ವಾಲ್‌ಚಂದ್ ಹಿರಾಚಂದ್ ಅವರ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ. ವಾಲ್‌ಚಂದ್ ಸೊಲ್ಲಾಪುರದವರು, ಸಕ್ಕರೆ ಕಾರ್ಖಾನೆಯನ್ನೂ ಕಟ್ಟಿದವರು, ಹಾಗಾಗಿ ನಮ್ಮ ಕಬ್ಬಿನ ಸೀಮೆಗೆ ತೀರಾ ಪರಕೀಯರಲ್ಲ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಇಲ್ಲಿ ಅಂಬಾಸಿಡರ್ ಆಯಿತು, ಇಟಲಿಯ ಫಿಯಟ್ 1100 ಮುಂದೆ ಪದ್ಮಿನಿ ಆಯಿತು. ಅಂಬಾಸಿಡರ್ 2014ರ ಮೇ ತಿಂಗಳವರೆಗೂ ತಯಾರಾಯಿತು, ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು. ಹಳೆಯ ಅಂಬಾಸಿಡರಿಗೆ ಮುಂದೆ ಹ್ಯಾಂಡಲ್ ಹಾಕುವ ತೂತು ಇರುತ್ತಿತ್ತು. ಬ್ಯಾಟರಿ ಸುಸ್ತಾಗಿ ಸ್ಟಾರ್ಟರ್ ತಿರುಗದಿದ್ದರೂ ಕಿಡಿ ಹಾರಿಸುವಷ್ಟು ಜೀವ ಉಳಿದಿದ್ದರೆ ಸಾಕು, ಡ್ರೈವರ್ ಇಳಿದು, ಲುಂಗಿ ಕಟ್ಟಿ, ಎರಡು ಏಟು ಹ್ಯಾಂಡಲ್ ಹೊಡೆದು ಹೊರಡುತ್ತಿದ್ದ. ಹಾಗಾಗಿ ಒಳಗಿನ ಲೈಟು ಉಳಿದರೆ ಅದು ಕಿರಿಕಿರಿಯಷ್ಟೇ.

1983ರ ಡಿಸೆಂಬರ್ 14ರಂದು ಮಾರುತಿ 800 ಬಂತು. 796 ಸಿಸಿ, ಹಗುರ, ಹ್ಯಾಂಡಲ್ ಇಲ್ಲ. ಯಾರಿಗೂ ಬೇಕೂ ಇರಲಿಲ್ಲ ಅನ್ನಿ. ಆದರೆ ಹ್ಯಾಂಡಲ್ ಹೋದ ದಿನವೇ ಆ ಪುಟ್ಟ ಲೈಟಿಗೆ ಒಂದು ಕಾರನ್ನು ಪೂರ್ತಿ ನಿಲ್ಲಿಸುವ ಶಕ್ತಿ ಬಂತು. ಅದರ ಜೊತೆ ಇನ್ನೊಂದು ಬದಲಾವಣೆ: ಕಾರಿನ ಜೊತೆ ಡ್ರೈವರ್ ಇರುವ ಕಾಲ ಹೋಗಿ, ಮನೆಯವರೇ ಓಡಿಸುವ ಕಾಲ ಬಂತು. ರಾತ್ರಿ ಕಾರಿನ ಸುತ್ತ ಒಂದು ಸುತ್ತು ಹಾಕಿ ಬಟ್ಟೆ ಒರೆಸಿ ಮಲಗುವವನೇ ಇಲ್ಲ. ಲೈಟು ಉರಿಯುತ್ತಿದೆ ಅಂತ ನೋಡೋರು ಯಾರು?

ಇದು ಬರೀ ತಮಾಷೆಯ ವಿಷಯವಲ್ಲ ಅಂತ ನನಗೆ ಗೊತ್ತಾಗಿದ್ದು ಚಿಕ್ಕವನಿದ್ದಾಗ. ನಮ್ಮ ಓಣಿಯಲ್ಲಿ ಆಗ ಇದ್ದದ್ದು ಕಾಕಾನ ಒಂದೇ ಕಾರು, ಅದೂ ಸೆಕೆಂಡ್ ಹ್ಯಾಂಡ್. ಓಣಿಯವರ ಬಾಣಂತನ, ಹಾವು ಕಡಿತ, ಎಲ್ಲಕ್ಕೂ ಅದೇ. ಜನವರಿಯ ಒಂದು ರಾತ್ರಿ ಎರಡು ಗಂಟೆಗೆ ಆಯಿಗೆ ಎದೆ ಹಿಡಿದುಕೊಂಡಿತು. ಮಿರಜ್‌ಗೆ ಒಯ್ಯಬೇಕು. ಮಿರಜ್ ಅಂದರೆ ನಮ್ಮ ಕಡೆಯವರಿಗೆ 1894ರಲ್ಲಿ ಡಾಕ್ಟರ್ ವಾನ್ಲೆಸ್ ಶುರು ಮಾಡಿದ ಮಿಷನ್ ಆಸ್ಪತ್ರೆಯ ಕಾಲದಿಂದಲೂ ಕೊನೆಯ ಭರವಸೆ. ಕಾಕಾ ಓಡಿಹೋಗಿ ನೋಡಿದರೆ ಕಾರಿನೊಳಗೆ ಲೈಟು ಕೆಂಪಗೆ, ದೀಪದ ಕುಡಿಯ ಹಾಗೆ ಮಿಣುಕುತ್ತಿದೆ. ಕೀ ತಿರುಗಿಸಿದರೆ ಅದೂ ಹೋಯ್ತು. ಓಣಿಯವರೆಲ್ಲ ಸೇರಿ ದೂಡಿದರು. ಆಗಲಿಲ್ಲ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಕಾಯಿಲಿಗೆ ಕರೆಂಟಿಲ್ಲ, ಕಾಯಿಲಿಲ್ಲದೆ ಕಿಡಿ ಇಲ್ಲ, ಪೆಟ್ರೋಲ್ ಕಾರನ್ನು ಕೊಲ್ಲಾಪುರದವರೆಗೆ ದೂಡಿದರೂ ಅಷ್ಟೇ.

ಕಬ್ಬಿನ ಹಂಗಾಮು ನಡೆದಿತ್ತು, ಅದೇ ಪುಣ್ಯ. ನಮ್ಮ ಕಡೆ ಆಗ ರಾತ್ರಿಯಿಡೀ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಟೇಪು ಜೋರಾಗಿ ಹಚ್ಚಿಕೊಂಡು ಕಾರ್ಖಾನೆಗೆ ಹೋಗುತ್ತಿರುತ್ತವೆ. ಅಪ್ಪ ರಸ್ತೆಗೆ ಓಡಿ ಒಂದನ್ನು ನಿಲ್ಲಿಸಿದ. ಡ್ರೈವರ್ ಒಂದು ಮಾತೂ ಕೇಳಲಿಲ್ಲ. "ವೈರ್ ತರ್ರಿ, ನಂದೂ ಹನ್ನೆರಡು ವೋಲ್ಟ್ ಐತಿ" ಅಂದ. ಟ್ರೇಲರುಗಳನ್ನು ಅಲ್ಲೇ ಬಿಚ್ಚಿ ಬರೀ ಎಂಜಿನ್ ಓಣಿಯೊಳಗೆ ತಂದ. ಬೋರ್‌ವೆಲ್ಲಿನ ದಪ್ಪ ಕೇಬಲ್ ತುಂಡು ಕತ್ತರಿಸಿ ಎರಡು ಬ್ಯಾಟರಿ ಜೋಡಿಸಿದರು. ಮೂರನೇ ಸಲಕ್ಕೆ ಕಾರು ಹೊತ್ತಿತು. ಎಲ್ಲ ಸೇರಿ ಮುಕ್ಕಾಲು ಗಂಟೆ ಹೋಗಿತ್ತು. ಆಯಿ ಆಮೇಲೆ ಒಂಬತ್ತು ವರ್ಷ ಬದುಕಿದಳು. ಆದರೆ ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಅಂತ ಡಾಕ್ಟರ್ ಹೇಳಿದ್ದನ್ನು ಕಾಕಾ ಕೊನೆಯವರೆಗೂ ಮರೆಯಲಿಲ್ಲ. ಮರುದಿನವೇ ಮಿಸ್ತ್ರಿಯನ್ನು ಕರೆಸಿದ. ಕಾರಣ? ಹಿಂದಿನ ಎಡ ಬಾಗಿಲಿನ ಗುಂಡಿ. ಒಳಗೆ ಸಿಕ್ಕಿದ್ದು ಒಂದು ಚಿಟಿಕೆ ಮಣ್ಣು.

ಹುಡುಕುವ ವಿಧಾನ ನಾನು ಕಲಿತದ್ದು ಆ ಮಿಸ್ತ್ರಿಯಿಂದಲೇ, ಇವತ್ತಿಗೂ ಅದಕ್ಕಿಂತ ಚೆನ್ನಾದದ್ದು ಸಿಕ್ಕಿಲ್ಲ. ಮೊದಲು ಛಾವಣಿಯ ಲೈಟಿನ ಮೇಲಿನ ಸ್ವಿಚ್ ನೋಡಿ. ಅದಕ್ಕೆ ಮೂರು ಸ್ಥಾನ: ಸದಾ ಹತ್ತು, ಸದಾ ಆರು, ಬಾಗಿಲು ಹೇಳಿದ ಹಾಗೆ ಕೇಳು. ಮಕ್ಕಳು ಆಡುತ್ತಾ ಅದನ್ನು ಸರಿಸಿರುತ್ತಾರೆ, ಅರ್ಧಕ್ಕರ್ಧ ಕೇಸು ಅಲ್ಲೇ ಮುಗಿಯುತ್ತೆ. ಅದು ನಡುವಿನ ಸ್ಥಾನದಲ್ಲೇ ಇದ್ದರೆ ಎಲ್ಲ ಬಾಗಿಲು ಹಾಕಿ, ಒಂದೊಂದೇ ಬಾಗಿಲು ತೆಗೆದು ಅದರ ಗುಂಡಿಯನ್ನು ಹೆಬ್ಬೆರಳಿನಿಂದ ಪೂರ್ತಿ ಒತ್ತಿ. ಯಾವುದನ್ನು ಒತ್ತಿದಾಗ ಲೈಟು ಆರಿತೋ ಅವನೇ ಕಳ್ಳ. ಸ್ಕ್ರೂ ಬಿಚ್ಚಿ ಗುಂಡಿ ಹೊರಗೆ ತೆಗೆಯುವಾಗ ವೈರು ಕಂಬದೊಳಗೆ ಜಾರಿ ಹೋಗದ ಹಾಗೆ ದಾರ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಅದನ್ನು ಹುಡುಕೋದು ಇನ್ನೊಂದು ದಿನದ ಕೆಲಸ. ಪಾಲಿಶ್ ಪೇಪರಿನಿಂದ ಉಜ್ಜಿ, ಹನಿ ಎಣ್ಣೆ ಬಿಟ್ಟು ಕೂರಿಸಿ. ಬಾಗಿಲು ಜೋತು ಬಿದ್ದು ಗುಂಡಿಗೆ ತಾಗುತ್ತಿಲ್ಲ ಅಂದರೆ ಬಾಗಿಲಿನ ಬದಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದರೂ ನಡೆಯುತ್ತೆ. ಯಾವ ಗುಂಡಿ ಒತ್ತಿದರೂ ಆರದಿದ್ದರೆ, ಡಿಕ್ಕಿ ಬಾಗಿಲಿನದನ್ನೂ ನೋಡಿ. ಆಮೇಲೆ ಒಂದೊಂದೇ ಗುಂಡಿಯ ವೈರು ಕಿತ್ತು ನೋಡಿ. ಎಲ್ಲ ಕಿತ್ತರೂ ಉರಿಯುತ್ತಿದ್ದರೆ, ಮಿಸ್ತ್ರಿಯ ಮಾತಿನಲ್ಲಿ, "ಎಲ್ಲ್ಯೋ ವೈರ್ ಬಾಡಿಗೆ ತಾಗಾಕತ್ತೈತಿ".

2019ರ ಆಗಸ್ಟಿನಲ್ಲಿ ದೂಧಗಂಗಾ, ವೇದಗಂಗಾ, ಕೃಷ್ಣಾ ಒಟ್ಟಿಗೇ ಉಕ್ಕಿದಾಗ ನಮ್ಮ ತಾಲ್ಲೂಕಿನಲ್ಲಿ ಕಾರುಗಳ ಸೀಟಿನವರೆಗೆ ನೀರು ನಿಂತಿತ್ತು. 2021ರ ಜುಲೈನಲ್ಲಿ ಮತ್ತೆ. ಎಂಜಿನ್ ಬಿಚ್ಚಿ ತೊಳೆದರು, ಸೀಟು ಒಣಗಿಸಿದರು, ಬಾಗಿಲ ಗುಂಡಿಗಳನ್ನು ಮಾತ್ರ ಯಾರೂ ನೆನೆಯಲಿಲ್ಲ. ಆರು ತಿಂಗಳ ನಂತರ ಊರಿಗೆ ಹೋದಾಗ ರಾತ್ರಿ ಓಣಿಯಲ್ಲಿ ನಡೆದರೆ ಒಂದಲ್ಲ ಒಂದು ಕಾರಿನೊಳಗೆ ಲೈಟು! ನದಿಯ ಸಣ್ಣ ಕೆಸರು ಸ್ಪ್ರಿಂಗಿನೊಳಗೆ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಆ ರಜೆಯಲ್ಲಿ ನಾನು ಬಿಚ್ಚಿ ತೊಳೆದ ಗುಂಡಿಗಳ ಲೆಕ್ಕ ಇಟ್ಟಿಲ್ಲ, ಚಹಾದ ಲೆಕ್ಕ ಹನ್ನೊಂದು.

ಹೊಸ ಕಾರುಗಳ ಕಥೆ ಬೇರೆ, ಅದು ನನ್ನ ವೃತ್ತಿಗೆ ಹತ್ತಿರದ್ದು. ಕಾರಿನಲ್ಲಿ ವೈರುಗಳು ಮಿತಿಮೀರಿದಾಗ ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಕ್ಯಾನ್ ಅನ್ನುವ ಜಾಲವನ್ನು ತೋರಿಸಿತು. ಎರಡೇ ವೈರಿನ ಮೇಲೆ ಕಾರಿನ ಎಲ್ಲ ಪುಟ್ಟ ಕಂಪ್ಯೂಟರುಗಳೂ ಮಾತಾಡಿಕೊಳ್ಳುವ ವ್ಯವಸ್ಥೆ. 1991ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸಿನಲ್ಲಿ ಬಂತು, ಈಗ ಸಣ್ಣ ಕಾರಿನಲ್ಲೂ ಇದೆ. (ಬಾಷ್ ಅಂದರೆ ಬೆಂಗಳೂರಿನವರ ಹಳೆಯ ಮೈಕೋ, 1951ರಲ್ಲಿ ಶುರುವಾದದ್ದು, 2008ರಲ್ಲಿ ಹೆಸರು ಬದಲಾಯಿತು.) ಈಗ ಬಾಗಿಲಿನ ಗುಂಡಿ ಲೈಟಿಗೆ ನೇರ ಜೋಡಣೆಯಾಗಿಲ್ಲ. ಅದು ಬಾಗಿಲಿನ ಲಾಕಿನೊಳಗೆ ಒಂದು ಚಿಕ್ಕ ಸ್ವಿಚ್ ಆಗಿ ಅಡಗಿದೆ. ಅದು ಕಂಪ್ಯೂಟರಿಗೆ "ಬಾಗಿಲು ತೆರೆದಿದೆ" ಅಂತ ಹೇಳುತ್ತೆ, ಕಂಪ್ಯೂಟರ್ ಯೋಚಿಸಿ ಲೈಟು ಹಾಕುತ್ತೆ. ಬಾಗಿಲು ಹಾಕಿದ ಮೇಲೆ ಸಿನಿಮಾ ಟಾಕೀಸಿನ ಹಾಗೆ ನಿಧಾನ ಮಂದವಾಗುತ್ತಾ ಆರುತ್ತಲ್ಲ, ಅದೆಲ್ಲ ಕೋಡು.

ಹಳೆಯದೇ ಚೆಂದ ಅಂತ ಹೇಳೋರ ಗುಂಪಿಗೆ ನಾನಿಲ್ಲ. ಹೊಸ ಕಾರುಗಳಲ್ಲಿ ಇಷ್ಟು ನಿಮಿಷ ಕಳೆದರೆ ಬಾಗಿಲು ತೆರೆದೇ ಇದ್ದರೂ ಲೈಟು ಆರಿಸು ಅಂತ ಸಾಮಾನ್ಯವಾಗಿ ಬರೆದಿರುತ್ತೆ. ಒಂದು ಟೈಮರ್, ನಾಲ್ಕು ಸಾಲಿನ ಕೋಡು. ಆ ಜನವರಿಯ ರಾತ್ರಿ ಆ ನಾಲ್ಕು ಸಾಲು ಇದ್ದಿದ್ದರೆ ಕಾಕಾ ಐದು ನಿಮಿಷದಲ್ಲಿ ಊರು ಬಿಟ್ಟಿರುತ್ತಿದ್ದ. ಎಲ್‌ಇಡಿ ಬಂದ ಮೇಲಂತೂ ಒಂದು ವಾಟಿನ ಲೈಟು ಅದೇ 35ರ ಬ್ಯಾಟರಿಯನ್ನು ಮುಗಿಸಲು ಲೆಕ್ಕದ ಪ್ರಕಾರ 17 ದಿನ ಬೇಕು. ಆದರೆ ಒಂದು ಮಾತು ನಿಜ. ಹೊಸ ಕಾರಿನಲ್ಲಿ ಲೈಟು ಕೆಟ್ಟರೆ ಹೆಬ್ಬೆರಳಿನಿಂದ ಒತ್ತಲು ಏನೂ ಇಲ್ಲ. ಲಾಕಿನೊಳಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಹತ್ತು ಸಲ ಬಾಗಿಲು ತೆಗೆದು ಹಾಕಿ ನೋಡಬೇಕು. ಅದರಿಂದಲೂ ಆಗದಿದ್ದರೆ ಎಷ್ಟೋ ಕಾರುಗಳಲ್ಲಿ ಇಡೀ ಲಾಕನ್ನೇ ಬದಲಿಸಬೇಕು, ಒಳಗಿನ ಸ್ವಿಚ್ ಒಂದೇ ಬಿಡಿಯಾಗಿ ಸಿಗುವುದಿಲ್ಲ.

ಹಳೇ ಕಾರು ಇಟ್ಟುಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಗುಂಡಿ ಸ್ವಿಚ್ ಕೊಳ್ಳುವಾಗ ಮೇಲೆ ರಬ್ಬರ್ ಟೊಪ್ಪಿಗೆ ಇರುವುದನ್ನೇ ಕೇಳಿ ತಗೊಳ್ಳಿ. ಇಲ್ಲದ್ದು ಸ್ವಲ್ಪ ಅಗ್ಗಕ್ಕೆ ಸಿಗುತ್ತೆ, ಒಂದೇ ಮಳೆಗಾಲ ಬರುತ್ತೆ.